ಇಳಿಜಾರಿನ ಟ್ರ್ಯಾಕ್ ಇರುವ ಊರಲ್ಲಿ ನಾಲ್ಕು ದಿನ

ನಾವು ಇರುವುದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಪ್ರತಿ ಅಕ್ಟೋಬರ್‌ನಲ್ಲಿ ಎಲೆ ಕೆಂಪಾಗುವ ಹೊತ್ತಿಗೆ ಬೂನ್ ಕಡೆ ಗುಡ್ಡಕ್ಕೆ ಹೋಗುವುದು ನಮ್ಮ ಮನೆಯ ರೂಢಿ. 421 ಹೆದ್ದಾರಿ ಹಿಡಿದು ಹೋದರೆ ವಿಲ್ಕ್ಸ್ ಕೌಂಟಿ ದಾಟಬೇಕು. ಅಲ್ಲಿ ರಸ್ತೆ ಪಕ್ಕದಲ್ಲೇ ಒಂದು ದೊಡ್ಡ ಗ್ಯಾಲರಿ ಕಾಣುತ್ತಿತ್ತು. ತುಕ್ಕು ಹಿಡಿದ ತಗಡು, ಬಣ್ಣ ಹೋದ ಗೋಡೆ, ಎಲ್ಲೆಲ್ಲೂ ಕಳೆ. ಎಷ್ಟೋ ವರ್ಷ ಅದನ್ನು ನೋಡಿಕೊಂಡೇ ಮುಂದೆ ಹೋಗಿದ್ದೇವೆ. ಒಂದು ಸಲವೂ ನಿಲ್ಲಿಸಿರಲಿಲ್ಲ.

ಅದು ನಾರ್ತ್ ವಿಲ್ಕ್ಸ್‌ಬರೊ ಸ್ಪೀಡ್‌ವೇ. 1947ರಲ್ಲಿ ಶುರುವಾದ ಕಾರ್ ರೇಸ್ ಟ್ರ್ಯಾಕ್. 1996ರಲ್ಲಿ ದೊಡ್ಡ ರೇಸ್‌ಗಳು ನಿಂತುಹೋದವು. 2023ರ ಮೇ ತಿಂಗಳಲ್ಲಿ, ಅಂದರೆ 26 ವರ್ಷ ದಾಟಿದ ಮೇಲೆ, ಅಮೆರಿಕದ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್‌ನ ಆಲ್ ಸ್ಟಾರ್ ರೇಸ್, ಅಂದರೆ ಆಯ್ದ ಡ್ರೈವರ್‌ಗಳ ರೇಸ್, ಅಲ್ಲೇ ನಡೆಯುತ್ತದೆ ಎಂಬ ಸುದ್ದಿ ಬಂತು. 14 ವರ್ಷದ ಮಗ ಕುಣಿದಾಡಿದ. ಕಂಪ್ಯೂಟರ್ ಗೇಮ್‌ನಲ್ಲಿ ಆ ಟ್ರ್ಯಾಕ್ ಅವನಿಗೆ ಬಾಯಿಪಾಠ. ಅದೇ ಹೊತ್ತಿಗೆ ಅಪ್ಪ ಊರಿಂದ ಬಂದಿದ್ದರು. ಅಪ್ಪ 31 ವರ್ಷ ಸರ್ಕಾರಿ ಬಸ್ ಓಡಿಸಿದವರು. ಅದರಲ್ಲಿ ಹೆಚ್ಚಿನ ವರ್ಷ ಚಾರ್ಮಾಡಿ ಘಾಟಿಯಲ್ಲಿ. "ನಾನೂ ಬರ್ತೀನಿ ಮಗಳೇ" ಅಂದರು. ಯಜಮಾನರಿಗೆ ರಜೆ ಸಿಗಲಿಲ್ಲ. ನಾವು ಮೂವರೇ ಹೊರಟೆವು.

ಶುಕ್ರವಾರ, ಮೇ 19

ಬೆಳಗ್ಗೆ ಏಳಕ್ಕೆ ಕ್ಯಾರಿ ಬಿಟ್ಟೆವು. ಡಬ್ಬಿಯಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಅಪ್ಪ ತಂದಿದ್ದ ಕೋಡುಬಳೆ. ಗ್ರೀನ್ಸ್‌ಬರೊ, ವಿನ್‌ಸ್ಟನ್ ಸೇಲಂ ದಾಟುವವರೆಗೆ ಹೇಳುವಂಥದ್ದು ಏನೂ ಇಲ್ಲ. ಆರು ಲೇನಿನ ರಸ್ತೆ, ಲಾರಿಗಳು. 421ಕ್ಕೆ ತಿರುಗಿದ ಮೇಲೆ ನೆಲ ಮಡಿಕೆ ಮಡಿಕೆಯಾಗುತ್ತದೆ. ದೂರದಲ್ಲಿ ನೀಲಿ ಗುಡ್ಡದ ಸಾಲು. ಕೋಳಿ ತುಂಬಿದ ಲಾರಿಗಳು ಎದುರಾಗುತ್ತವೆ. ವಿಲ್ಕ್ಸ್ ಕೋಳಿ ಸಾಕಣೆಯ ಸೀಮೆ.

ಇಲ್ಲಿ ಎರಡು ಊರು. ಯಾಡ್ಕಿನ್ ನದಿಯ ಈಚೆ ವಿಲ್ಕ್ಸ್‌ಬರೊ, ಆಚೆ ನಾರ್ತ್ ವಿಲ್ಕ್ಸ್‌ಬರೊ. ಎರಡೂ ಸಣ್ಣವೇ. ಹತ್ತು ನಿಮಿಷದಲ್ಲಿ ಪೇಟೆ ಬೀದಿ ಮುಗಿಯುತ್ತದೆ. ಆದರೆ ಅವತ್ತು ಅಂಗಡಿ ಅಂಗಡಿಯ ಗಾಜಿನ ಮೇಲೂ ಚೌಕುಳಿ ಬಾವುಟ, ಹಳೆಯ ರೇಸ್ ಕಾರುಗಳ ಫೋಟೊ. ನಮ್ಮ ಕಡೆ ರಥೋತ್ಸವದ ಹಿಂದಿನ ದಿನ ಇರುತ್ತದಲ್ಲ, ಅದೇ ಕಳೆ. ಕಾಫಿ ಅಂಗಡಿಯಲ್ಲಿ ಒಬ್ಬ ಅಜ್ಜಿ ಕಾಸು ತೆಗೆದುಕೊಳ್ಳಲಿಲ್ಲ. "ಇಷ್ಟು ದೂರ ನಮ್ಮ ಟ್ರ್ಯಾಕ್ ನೋಡೋಕೆ ಬಂದಿದ್ದೀರಿ" ಎಂದು ಅಪ್ಪನ ಕೈ ಹಿಡಿದುಕೊಂಡರು. ನಮ್ಮ ಟ್ರ್ಯಾಕ್ ಎಂಬ ಮಾತು ನಾಲ್ಕು ದಿನವೂ ಕಿವಿಗೆ ಬೀಳುತ್ತಲೇ ಇತ್ತು.

ಮಧ್ಯಾಹ್ನ ವಿಲ್ಕ್ಸ್‌ಬರೊದ ಹಳೆಯ ಕೋರ್ಟ್ ಕಟ್ಟಡದಲ್ಲಿರುವ ಮ್ಯೂಸಿಯಂಗೆ ಹೋದೆವು. ಈ ರೇಸಿನ ಕಥೆ ಅರ್ಥವಾಗಬೇಕಾದರೆ ಮೊದಲು ಕಳ್ಳಭಟ್ಟಿಯ ಕಥೆ ಗೊತ್ತಿರಬೇಕು. ಇದು ಗುಡ್ಡಗಾಡು. ಸಣ್ಣ ಸಣ್ಣ ಹೊಲ. ಬೆಳೆದ ಮೆಕ್ಕೆಜೋಳವನ್ನು ಕೆಟ್ಟ ದಾರಿಯಲ್ಲಿ ಪೇಟೆಗೆ ಸಾಗಿಸಿದರೆ ಸಾಗಣೆ ಖರ್ಚೂ ಹುಟ್ಟುತ್ತಿರಲಿಲ್ಲ. ಅದೇ ಜೋಳದಿಂದ ಸಾರಾಯಿ ಇಳಿಸಿದರೆ ಹೊರೆ ಕಮ್ಮಿ, ಕಾಸು ಜಾಸ್ತಿ. ಸರ್ಕಾರ ಅದಕ್ಕೆ ತೆರಿಗೆ ಹಾಕಿತು. ಜನ ತೆರಿಗೆ ಕಟ್ಟದೆ ರಾತ್ರಿ ಹೊತ್ತು ಕಾಡಿನಲ್ಲಿ ಇಳಿಸಿದರು. 1930ರ ದಶಕದ ಬರಗಾಲದಂಥ ಆರ್ಥಿಕ ಕಷ್ಟದಲ್ಲಿ ಎಷ್ಟೋ ಮನೆಗಳು ಉಸಿರಾಡಿದ್ದೇ ಇದರಿಂದ. ವಿಲ್ಕ್ಸ್ ಕೌಂಟಿಗೆ ಜಗತ್ತಿನ ಕಳ್ಳಭಟ್ಟಿ ರಾಜಧಾನಿ ಎಂಬ ಹೆಸರೇ ಬಿತ್ತು.

ಇಳಿಸಿದರೆ ಸಾಲದು, ಸಾಗಿಸಬೇಕು. ಅದಕ್ಕೆ ಫೋರ್ಡ್ ವಿ8 ಕಾರುಗಳು. ಹಿಂದಿನ ಸೀಟು ಕಿತ್ತು ಅಲ್ಲಿ ಸಾರಾಯಿ ತುಂಬುತ್ತಿದ್ದರು. ಎಂಜಿನ್‌ಗೆ ಇನ್ನಷ್ಟು ಬಲ ಕೊಡುತ್ತಿದ್ದರು. ಭಾರಕ್ಕೆ ಕಾರಿನ ಹಿಂಭಾಗ ಕುಸಿದರೆ ಪೊಲೀಸರಿಗೆ ಗೊತ್ತಾಗುತ್ತದಲ್ಲ, ಹಾಗಾಗಿ ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡುತ್ತಿದ್ದರು. ಅಪ್ಪ ಇದನ್ನು ಕೇಳಿ ಅಲ್ಲೇ ನಿಂತುಬಿಟ್ಟರು. "ಸ್ಪ್ರಿಂಗ್ ಗಟ್ಟಿಯಾದರೆ ತಿರುವಿನಲ್ಲಿ ಗಾಡಿ ವಾಲಲ್ಲ. ಓಡಿಸೋಕೆ ಅದೇ ಒಳ್ಳೇದು" ಅಂದರು.

ಅಪ್ಪ ಹೇಳಿದ್ದು ಚರಿತ್ರೆಯಲ್ಲೂ ದಾಖಲಾಗಿದೆ. ನ್ಯಾಸ್ಕಾರ್‌ನ ಮುಖ್ಯ ಸರಣಿಯ ಮೊಟ್ಟಮೊದಲ ರೇಸ್ ನಡೆದದ್ದು 1949ರ ಜೂನ್ 19ರಂದು, ಷಾರ್ಲೆಟ್‌ನ ಮಣ್ಣಿನ ಟ್ರ್ಯಾಕ್‌ನಲ್ಲಿ. ಮೊದಲು ಬಂದವರು ಗ್ಲೆನ್ ಡನವೇ, 1947ರ ಫೋರ್ಡ್ ಕಾರಿನಲ್ಲಿ. ರೇಸ್ ಮುಗಿದ ಮೇಲೆ ಕಾರು ಬಿಚ್ಚಿ ನೋಡಿದರೆ ಹಿಂದಿನ ಸ್ಪ್ರಿಂಗ್‌ಗಳಿಗೆ ಸಾರಾಯಿ ಸಾಗಿಸುವವರ ಕೈಚಳಕ! ಕಂಪನಿಯಿಂದ ಬಂದ ಹಾಗೇ ಇರುವ ಕಾರು ಓಡಿಸಬೇಕು ಎಂಬುದು ನಿಯಮ. ಸ್ಟಾಕ್ ಕಾರ್ ಅಂದರೆ ಅದೇ ಅರ್ಥ. ಗೆಲುವನ್ನು ಕಿತ್ತು ಎರಡನೆಯವರಾಗಿದ್ದ ಜಿಮ್ ರೋಪರ್‌ಗೆ ಕೊಟ್ಟರು. ಕಾರಿನ ಮಾಲೀಕ ಕೋರ್ಟಿಗೆ ಹೋಗಿ ಸೋತರು.

ಇನ್ನು ಜೂನಿಯರ್ ಜಾನ್ಸನ್ ಹೆಸರು ಹೇಳದೆ ಈ ಕೌಂಟಿಯಲ್ಲಿ ಯಾರೂ ಮಾತು ಮುಗಿಸುವುದಿಲ್ಲ. 1931ರಲ್ಲಿ ಇಲ್ಲೇ ಹುಟ್ಟಿದವರು. ಅಪ್ಪನ ಭಟ್ಟಿಯ ಮಾಲನ್ನು ಹುಡುಗನಾಗಿದ್ದಾಗಲೇ ಗುಡ್ಡದ ದಾರಿಯಲ್ಲಿ ಸಾಗಿಸಿದವರು. ಬರಿಗಾಲಲ್ಲಿ ಹೇಸರಗತ್ತೆ ಕಟ್ಟಿ ಹೊಲ ಉಳುತ್ತಿದ್ದಾಗ ಅಣ್ಣ ಬಂದು ರೇಸ್‌ಗೆ ಕರೆದುಕೊಂಡು ಹೋದ ಕಥೆಯನ್ನು ಅವರೇ ಹೇಳುತ್ತಿದ್ದರು. ಆ ರೇಸ್ ನಡೆದದ್ದು ಇದೇ ನಾರ್ತ್ ವಿಲ್ಕ್ಸ್‌ಬರೊದಲ್ಲಿ. ಡ್ರೈವರ್ ಆಗಿ 50 ರೇಸ್ ಗೆದ್ದರು. ತಂಡ ಕಟ್ಟಿದ ಮೇಲೆ ಅವರ ಕಾರುಗಳಿಗೆ ಆರು ಚಾಂಪಿಯನ್‌ಶಿಪ್ ಬಂದವು. ರಸ್ತೆಯಲ್ಲಿ ಪೊಲೀಸರಿಗೆ ಒಮ್ಮೆಯೂ ಸಿಗಲಿಲ್ಲ. 1956ರಲ್ಲಿ ಅಪ್ಪನ ಭಟ್ಟಿಯ ಹತ್ತಿರ ಸಿಕ್ಕಿಬಿದ್ದು ಓಹಾಯೊದ ಜೈಲಿನಲ್ಲಿ 11 ತಿಂಗಳು ಕಳೆದರು. 30 ವರ್ಷದ ನಂತರ, 1986ರಲ್ಲಿ, ಅಧ್ಯಕ್ಷ ರೇಗನ್ ಕ್ಷಮಾದಾನ ಕೊಟ್ಟರು. ಷಾರ್ಲೆಟ್‌ನ ನ್ಯಾಸ್ಕಾರ್ ಹಾಲ್ ಆಫ್ ಫೇಮ್‌ನಲ್ಲಿ ಒಂದು ಭಟ್ಟಿ ಇದೆ. ಅದನ್ನು ಅವರೇ ಕಟ್ಟಿಕೊಟ್ಟದ್ದು. 2019ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಟ್ರ್ಯಾಕ್ ಮತ್ತೆ ತೆರೆದದ್ದನ್ನು ನೋಡಲು ಅವರು ಇರಲಿಲ್ಲ. ಅದೊಂದು ನನಗೆ ತುಂಬಾ ಚುಚ್ಚಿತು.

ರೂಮು ಊರೊಳಗೆ ಎಲ್ಲೂ ಸಿಕ್ಕಿರಲಿಲ್ಲ. ಒಂದು ಗಂಟೆ ದೂರದಲ್ಲಿ ಉಳಿದುಕೊಂಡೆವು.

ಶನಿವಾರ, ಮೇ 20

ಬೆಳಗ್ಗೆ ಮೋಡ. ಕಾರು ನಿಲ್ಲಿಸಲು ಅಕ್ಕಪಕ್ಕದ ಮನೆಯವರು ತಮ್ಮ ಹುಲ್ಲುಗಾವಲನ್ನೇ ಬಿಟ್ಟುಕೊಟ್ಟಿದ್ದರು. ಅಲ್ಲಿಂದ ನಡಿಗೆ. ಅಪ್ಪನಿಗೆ ಮಂಡಿನೋವು. ಅಲ್ಲಲ್ಲಿ ನಿಂತು ನಿಂತು ಹೋದೆವು.

ಗೇಟು ದಾಟಿ ಮೆಟ್ಟಿಲು ಹತ್ತಿ ಟ್ರ್ಯಾಕ್ ಕಂಡ ತಕ್ಷಣ ಅಪ್ಪ ಅಂದದ್ದು, "ಇದು ಮಟ್ಟಸ ಇಲ್ಲವಲ್ಲ!"

ಮಗ ಹಿಗ್ಗಿ ಹೋದ. "ಅಜ್ಜ, ಅದೇ ಇದರ ಸ್ಪೆಷಲ್!"

ಹೌದು. ನಾವು ಕೂತಿದ್ದ ಕಡೆಯ ನೇರ ದಾರಿ ಇಳಿಜಾರು. ಎದುರಿನ ನೇರ ದಾರಿ ಏರು. ನಾಲ್ಕನೇ ತಿರುವಿನಿಂದ ಒಂದನೇ ತಿರುವಿಗೆ ಕಾರುಗಳು ಇಳಿಯುತ್ತಾ ಬರುತ್ತವೆ, ಎರಡರಿಂದ ಮೂರಕ್ಕೆ ಹತ್ತುತ್ತಾ ಹೋಗುತ್ತವೆ. ಟಿವಿಯಲ್ಲಿ ಇದು ಅಷ್ಟು ಕಾಣುವುದಿಲ್ಲ. ಕಣ್ಣಾರೆ ನೋಡಿದರೆ, ಗುಡ್ಡದ ಓರೆಯಲ್ಲಿ ಯಾರೋ ಒಂದು ದೊಡ್ಡ ತಟ್ಟೆ ಇಟ್ಟ ಹಾಗಿದೆ.

ಹೀಗೇಕೆ ಅನ್ನುವುದಕ್ಕೆ ಕಾರಣ ಸರಳ. ದುಡ್ಡು ಇರಲಿಲ್ಲ.

ಈನಕ್ ಸ್ಟೇಲಿ ಎಂಬ ವಿಲ್ಕ್ಸ್ ಕೌಂಟಿಯವರು ಎರಡನೇ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಸೌತ್ ಕೆರೊಲಿನಾಕ್ಕೆ ಹೋಗಿ ಒಂದು ರೇಸ್ ನೋಡಿದರು. ಅದನ್ನು ನಡೆಸುತ್ತಿದ್ದವರು ಬಿಲ್ ಫ್ರಾನ್ಸ್. ಮುಂದೆ ನ್ಯಾಸ್ಕಾರ್ ಕಟ್ಟಿದವರು ಇವರೇ. ನಮ್ಮೂರಲ್ಲೂ ಇಂಥದ್ದು ಬೇಕು ಎಂದು ಸ್ಟೇಲಿ ಮನಸ್ಸಿಗೆ ಹಚ್ಚಿಕೊಂಡರು. ಲಾಸನ್ ಕರಿ, ಜ್ಯಾಕ್ ಮತ್ತು ಚಾರ್ಲಿ ಕೂಂಬ್ಸ್ ಕೈ ಜೋಡಿಸಿದರು. ಕೈಯಲ್ಲಿದ್ದದ್ದು 1,500 ಡಾಲರ್. ಹೊಲವನ್ನು ಪೂರ್ತಿ ಮಟ್ಟಸ ಮಾಡಿಸುವ ಮೊದಲೇ ಅದು ಕರಗಿತು. ನೆಲ ಎಲ್ಲಿಗೆ ಬಂದಿತ್ತೋ ಅಲ್ಲಿಗೇ ಬಿಟ್ಟು ಟ್ರ್ಯಾಕ್ ಮಾಡಿದರು. ಜನ ಇವತ್ತಿಗೂ ಹೇಳುವ ಕಥೆ ಇದೇ. ಒಂದು ಸುತ್ತಿಗೆ 0.625 ಮೈಲಿ, ಹೆಚ್ಚುಕಡಿಮೆ ಸರಿಯಾಗಿ ಒಂದು ಕಿಲೋಮೀಟರ್. ಒಂದು ಮೈಲಿಗಿಂತ ಚಿಕ್ಕದಿದ್ದರೆ ಅದಕ್ಕೆ ಶಾರ್ಟ್ ಟ್ರ್ಯಾಕ್ ಅನ್ನುತ್ತಾರೆ.

ಮೊದಲ ರೇಸ್ 1947ರ ಮೇ 18ಕ್ಕೆ. ಬಿಲ್ ಫ್ರಾನ್ಸ್ ಅವರೇ ಪ್ರಚಾರಕ್ಕೆ ನಿಂತರು. ಮೂರು ಸಾವಿರ ಜನ ಬಂದಾರು ಎಂದುಕೊಂಡಿದ್ದರಂತೆ. ಹತ್ತು ಸಾವಿರಕ್ಕಿಂತ ಹೆಚ್ಚು ಜನ ಬಂದರು. ಗೆದ್ದವರು ಫಾಂಟಿ ಫ್ಲಾಕ್. ನ್ಯಾಸ್ಕಾರ್ ಹುಟ್ಟಿದ್ದು ಇದಾದ ಮೇಲೆ, 1948ರ ಫೆಬ್ರವರಿಯಲ್ಲಿ. ಅಂದರೆ ಈ ಟ್ರ್ಯಾಕ್ ಆ ಸಂಸ್ಥೆಗಿಂತ ಹಿರಿಯದು. 1949ರ ಮೊದಲ ಸರಣಿಯ ಎಂಟನೇ ಮತ್ತು ಕೊನೆಯ ರೇಸ್ ಇಲ್ಲೇ ನಡೆಯಿತು. ಅದನ್ನು ಗೆದ್ದದ್ದು ಫಾಂಟಿಯ ಅಣ್ಣ ಬಾಬ್ ಫ್ಲಾಕ್. ಮೊದಲ ಚಾಂಪಿಯನ್ ರೆಡ್ ಬೈರನ್ ಎಂದು ತೀರ್ಮಾನವಾದದ್ದೂ ಅವತ್ತೇ. 1957ರವರೆಗೆ ಮಣ್ಣಿನ ಟ್ರ್ಯಾಕ್. ಆಮೇಲೆ ಡಾಂಬರು ಬಿತ್ತು. ಇಳಿಜಾರು ಮಾತ್ರ ಹಾಗೇ ಉಳಿಯಿತು.

ಮಧ್ಯಾಹ್ನ ಟ್ರಕ್ ರೇಸ್. ಇವು ನಮ್ಮ ಪಿಕಪ್ ವ್ಯಾನಿನ ಆಕಾರದ ರೇಸ್ ಗಾಡಿಗಳು. ಎಂಜಿನ್ ಶುರುವಾದ ಕೂಡಲೇ ಎದೆಯೊಳಗೆ ತಮಟೆ ಬಾರಿಸಿದ ಹಾಗಾಯಿತು. ಕಿವಿಗೆ ಬಿರಡೆ ಹಾಕಿಕೊಂಡರೂ ಶಬ್ದ ಬೆಂಚಿನಿಂದ ಬೆನ್ನಿಗೆ ಬರುತ್ತದೆ. ಸುಟ್ಟ ರಬ್ಬರ್ ವಾಸನೆ. ಮೊದಲ ಹತ್ತು ಸುತ್ತು ನನಗೆ ಯಾರು ಮುಂದೆ, ಯಾರು ಹಿಂದೆ ಒಂದೂ ತಿಳಿಯಲಿಲ್ಲ.

ಅಪ್ಪ ಗಾಡಿಗಳನ್ನು ನೋಡುತ್ತಿರಲಿಲ್ಲ. ಒಂದನೇ ತಿರುವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಭುಜ ತಟ್ಟಿ ಕಿವಿಯ ಹತ್ತಿರ ಬಂದು ಹೇಳಿದರು: "ಇಳಿದು ಬರುವಾಗ ಭಾರವೆಲ್ಲ ಮುಂದಕ್ಕೆ ಬರುತ್ತೆ. ಅಲ್ಲಿ ಬ್ರೇಕ್ ಜೋರಾಗಿ ಒತ್ತಿದವನಿಗೆ ಹಿಂಬದಿ ಅಲ್ಲಾಡುತ್ತೆ ನೋಡು. ಆ ಕೆಂಪು ಗಾಡಿಯವನು ಮುಂಚೆನೇ ಕಾಲು ತೆಗೀತಾನೆ. ಅವನು ಉಳಿಸ್ಕೋತಾ ಇದ್ದಾನೆ." ಚಾರ್ಮಾಡಿಯಲ್ಲಿ ಇಳಿಯುವಾಗ ಬ್ರೇಕ್ ಕಾಯಬಾರದು ಎಂದು ಗೇರ್‌ನಲ್ಲೇ ಬಸ್ ಹಿಡಿದಿಡುತ್ತಿದ್ದರಂತೆ. ಕೊಟ್ಟಿಗೆಹಾರ ಬಿಟ್ಟರೆ ಕೆಳಗೆ ತಲುಪುವವರೆಗೆ ಕಂಡಕ್ಟರ್ ಜೊತೆಗೂ ಮಾತಾಡುತ್ತಿರಲಿಲ್ಲವಂತೆ. ಚಿಕ್ಕವಳಿದ್ದಾಗ ಎಷ್ಟೋ ಸಲ ಆ ಬಸ್ಸಿನಲ್ಲಿ ಅವರ ಹಿಂದಿನ ಸೀಟಿನಲ್ಲಿ ಕೂತಿದ್ದೇನೆ. ಇದನ್ನು ಯಾವತ್ತೂ ಕೇಳಿರಲಿಲ್ಲ.

ಡಾಂಬರಿನ ಮಾತನ್ನೂ ಹೇಳಬೇಕು. ಅವತ್ತು ನಾವು ನೋಡಿದ ಡಾಂಬರು 1981ರದ್ದು. ಬಿಸಿಲು, ಮಳೆ, ಹಿಮ ತಿಂದು ಮೇಲಿನ ನುಣುಪು ಹೋಗಿ ಜಲ್ಲಿ ಎದ್ದಿತ್ತು. ಉಪ್ಪುಕಾಗದದ ಹಾಗೆ ಅದು ಟೈರನ್ನು ಉಜ್ಜಿ ತಿನ್ನುತ್ತದೆ. ಹೊಸ ಟೈರಿನಲ್ಲಿ ಹತ್ತು ಸುತ್ತು ಹಾರಿದವನು ಮೂವತ್ತನೇ ಸುತ್ತಿಗೆ ಜಾರತೊಡಗುತ್ತಾನೆ. ಹಾಗಾಗಿ ಬರೀ ಎಂಜಿನ್ ಬಲದಿಂದ ಇಲ್ಲಿ ಗೆಲ್ಲಲು ಆಗುತ್ತಿರಲಿಲ್ಲ. ಕಾಲಿನ ಹದ ಬೇಕಿತ್ತು.

ಮಳೆ ಬಂತು. ಇಂಥ ಟ್ರ್ಯಾಕ್‌ಗಳಲ್ಲಿ ಹಿಂದೆಲ್ಲ ಮಳೆ ಬಂದರೆ ರೇಸ್ ನಿಲ್ಲುತ್ತಿತ್ತು. ಸಂಜೆಯ ಹೀಟ್ ರೇಸ್‌ಗಳಿಗೆ (ಭಾನುವಾರ ಯಾರು ಎಲ್ಲಿಂದ ಹೊರಡಬೇಕು ಎಂದು ತೀರ್ಮಾನಿಸುವ ಸಣ್ಣ ರೇಸ್‌ಗಳು) ಡ್ರೈವರ್‌ಗಳು ಗೆರೆ ಇರುವ ಮಳೆ ಟೈರ್ ಹಾಕಿಕೊಂಡು ಒದ್ದೆ ಡಾಂಬರಿನ ಮೇಲೇ ಬಂದರು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಕೂತ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟ್ರಕ್ ರೇಸ್ ಗೆದ್ದದ್ದು ಕೈಲ್ ಲಾರ್ಸನ್.

ಭಾನುವಾರ, ಮೇ 21

ರೇಸ್ ರಾತ್ರಿ ಎಂಟಕ್ಕೆ. ಬೆಳಗ್ಗೆ ಹೊತ್ತಿತ್ತು. ಊರಿನ ಪೇಟೆಯಲ್ಲಿ ಸುಮ್ನೆ ಸುತ್ತಾಡಿದೆವು.

ಈ ಊರಿನ ಬಾಳನ್ನು ರೇಸ್‌ಗಳ ಹೆಸರಿನಲ್ಲೇ ಓದಬಹುದು. ವರ್ಷಕ್ಕೆ ಎರಡು ದೊಡ್ಡ ರೇಸ್ ನಡೆಯುತ್ತಿದ್ದವು, ವಸಂತದಲ್ಲೊಂದು, ಚಳಿಗಾಲಕ್ಕೆ ಮುಂಚೆ ಒಂದು. ವಸಂತದ ರೇಸ್‌ಗೆ ನಾರ್ತ್‌ವೆಸ್ಟರ್ನ್ ಬ್ಯಾಂಕ್ 400 ಎಂಬ ಹೆಸರಿತ್ತು. ಆ ಬ್ಯಾಂಕಿನ ಮುಖ್ಯ ಕಚೇರಿ ಈ ಊರಲ್ಲೇ ಇತ್ತು. ಆಮೇಲೆ ಬ್ಯಾಂಕನ್ನು ಷಾರ್ಲೆಟ್‌ನ ದೊಡ್ಡ ಬ್ಯಾಂಕ್ ತೆಗೆದುಕೊಂಡಿತು. ರೇಸ್ ಫಸ್ಟ್ ಯೂನಿಯನ್ 400 ಆಯಿತು. ಇನ್ನೊಂದು ರೇಸ್ ಹಾಲಿ ಫಾರ್ಮ್ಸ್ 400. ಅದು ವಿಲ್ಕ್ಸ್‌ಬರೊದ ಕೋಳಿ ಕಂಪನಿ. 1989ರಲ್ಲಿ ಅದನ್ನು ಅರ್ಕನ್ಸಾದ ಟೈಸನ್ ಕೊಂಡಿತು. ರೇಸ್‌ನ ಹೆಸರು ಟೈಸನ್ ಹಾಲಿ ಫಾರ್ಮ್ಸ್ 400 ಆಯಿತು. ಅಮೆರಿಕದ ಊರೂರಲ್ಲೂ ಇರುವ, ಮನೆ ಕಟ್ಟುವ ಸಾಮಾನು ಮಾರುವ ಲೋವ್ಸ್ ಅಂಗಡಿ ಹುಟ್ಟಿದ್ದೂ ಇಲ್ಲೇ, 1921ರಲ್ಲಿ. ಅದರ ಮುಖ್ಯ ಕಚೇರಿಯೂ ಈಗ ಇಲ್ಲಿಲ್ಲ. ಒಂದೊಂದೇ ಕೈಬಿಟ್ಟು ಹೋದ ಊರು. ಕೊನೆಗೆ ಹೋದದ್ದು ರೇಸ್.

ಅದು ಹೋದ ಬಗೆ ಹೀಗೆ. ಈನಕ್ ಸ್ಟೇಲಿ 1995ರ ಮೇ ತಿಂಗಳಲ್ಲಿ ತೀರಿಕೊಂಡರು. ಟ್ರ್ಯಾಕ್ ಅರ್ಧ ಸ್ಟೇಲಿ ಮನೆಯದು, ಅರ್ಧ ಕೂಂಬ್ಸ್ ಮನೆಯದು. ಕೂಂಬ್ಸ್ ಪಾಲನ್ನು ಬ್ರೂಟನ್ ಸ್ಮಿತ್ ಕೊಂಡರು. ಸ್ಟೇಲಿ ಪಾಲನ್ನು ಬಾಬ್ ಬಾರಿ ಕೊಂಡರು. ಇಬ್ಬರೂ ದೊಡ್ಡ ಟ್ರ್ಯಾಕ್‌ಗಳ ಒಡೆಯರು. ಅವರಿಗೆ ಬೇಕಾಗಿದ್ದದ್ದು ನ್ಯಾಸ್ಕಾರ್ ಕ್ಯಾಲೆಂಡರ್‌ನಲ್ಲಿ ಈ ಟ್ರ್ಯಾಕ್‌ಗೆ ಇದ್ದ ಎರಡು ರೇಸ್ ದಿನಗಳು. ಒಂದು ದಿನ ಸ್ಮಿತ್ ಅವರ ಹೊಸ ಟೆಕ್ಸಸ್ ಟ್ರ್ಯಾಕ್‌ಗೆ ಹೋಯಿತು, ಇನ್ನೊಂದು ಬಾರಿಯವರ ನ್ಯೂ ಹ್ಯಾಂಪ್‌ಶೈರ್‌ಗೆ. 1996ರ ಸೆಪ್ಟೆಂಬರ್ 29ಕ್ಕೆ ಇಲ್ಲಿ 93ನೇ ರೇಸ್. ಜೆಫ್ ಗಾರ್ಡನ್ ಗೆದ್ದರು. ಗೇಟು ಮುಚ್ಚಿತು.

ವ್ಯಾಪಾರದ ಲೆಕ್ಕದಲ್ಲಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಟೆಕ್ಸಸ್‌ನಲ್ಲಿ ಇಲ್ಲಿಗಿಂತ ಎಷ್ಟೋ ಪಟ್ಟು ಜನ ಕೂರಬಹುದು. ಆದರೆ ನನಗೆ ಅನ್ನಿಸುವುದು ಇಷ್ಟು. ಆ ಎರಡು ದಿನಗಳಿಗೆ ಬೆಲೆ ಬಂದದ್ದು ಇಲ್ಲಿನ ಜನ 50 ವರ್ಷ ಬಂದು ಕೂತಿದ್ದರಿಂದ. ಆ ದಿನಗಳನ್ನು ಮಾರುವಾಗ ಅವರನ್ನು ಯಾರೂ ಕೇಳಲಿಲ್ಲ.

ಊರು ಸುಮ್ಮನಿರಲಿಲ್ಲ. 2005ರ ಹೊತ್ತಿಗೆ ಟ್ರ್ಯಾಕ್ ಉಳಿಸಿ ಎಂದು ಗುಂಪು ಕಟ್ಟಿದರು. 2010ರಲ್ಲಿ ಸಣ್ಣ ರೇಸ್‌ಗಳಿಗೆ ತೆರೆಯಿತು, 2011ರಲ್ಲಿ ಮತ್ತೆ ಮುಚ್ಚಿತು. ನಾವು ದಾರಿಯಲ್ಲಿ ಕಂಡ ತುಕ್ಕು ಆಮೇಲಿನದ್ದು.

ಮುಂದಿನದ್ದನ್ನು ಮಗ ಹೇಳಬೇಕು, ಅವನಿಗೇ ಚೆನ್ನಾಗಿ ಗೊತ್ತು. 2019ರ ಡಿಸೆಂಬರ್‌ನಲ್ಲಿ ಹೆಸರಾಂತ ರೇಸ್ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಒಂದಷ್ಟು ಜನರನ್ನು ಕರೆದುಕೊಂಡು ಬಂದು ಟ್ರ್ಯಾಕ್‌ನ ಬಿರುಕುಗಳಲ್ಲಿ ಬೆಳೆದಿದ್ದ ಕಳೆ ಕಿತ್ತರು. ಆಗ ಅವರ ಮನಸ್ಸಿನಲ್ಲಿ ಇದ್ದದ್ದು ಟ್ರ್ಯಾಕ್ ಪೂರ್ತಿ ಕುಸಿಯುವ ಮೊದಲು ಅದರ ಅಳತೆಯನ್ನಾದರೂ ಉಳಿಸಿಕೊಳ್ಳಬೇಕು ಎಂಬುದು. ಲೇಸರ್‌ನಿಂದ ಇಂಚಿಂಚೂ ಅಳೆದು ಐರೇಸಿಂಗ್ ಎಂಬ ಗೇಮ್‌ಗೆ ಹಾಕಿದರು. 2020ರ ಮೇ ತಿಂಗಳಲ್ಲಿ ಕೊರೊನಾದಿಂದ ಎಲ್ಲ ನಿಂತಿದ್ದಾಗ ನಿಜವಾದ ಡ್ರೈವರ್‌ಗಳೇ ಮನೆಯಲ್ಲಿ ಕೂತು ಈ ಟ್ರ್ಯಾಕ್‌ನಲ್ಲಿ ಗೇಮ್ ರೇಸ್ ಮಾಡಿದರು. ಡೆನ್ನಿ ಹ್ಯಾಮ್ಲಿನ್ ಗೆದ್ದರು. ಅದನ್ನು ನೋಡಿ ಎಷ್ಟೋ ಜನರಿಗೆ ಹಳೆಯದೆಲ್ಲ ನೆನಪಾಯಿತು. ನಮ್ಮ ಮಗನಂಥ ಹುಡುಗರು ಮೊದಲ ಸಲ ಇದನ್ನು ಕಂಡರು. ಅವನಿಗೆ ಆಗ 11 ವರ್ಷ.

2021ರಲ್ಲಿ ರಾಜ್ಯ ಸರ್ಕಾರ ಕೊರೊನಾ ಪರಿಹಾರದ ಹಣದಿಂದ ಈ ಟ್ರ್ಯಾಕ್‌ಗೆ 1 ಕೋಟಿ 80 ಲಕ್ಷ ಡಾಲರ್ ಕೊಟ್ಟಿತು. ನೀರು, ಚರಂಡಿ, ಕರೆಂಟು ಬಂತು. ಸ್ಮಿತ್ ಅವರು ಬಾರಿಯವರ ಪಾಲನ್ನೂ 2007ರಲ್ಲೇ ಕೊಂಡಿದ್ದರು. ಹಾಗಾಗಿ ಪೂರ್ತಿ ಟ್ರ್ಯಾಕ್ ಒಂದೇ ಕೈಯಲ್ಲಿತ್ತು. ರೇಸ್ ತೆಗೆದುಕೊಂಡು ಹೋದ ಕಂಪನಿಯೇ, ಬ್ರೂಟನ್ ಅವರ ಮಗ ಮಾರ್ಕಸ್ ಸ್ಮಿತ್ ಕಾಲದಲ್ಲಿ, ರೇಸ್ ವಾಪಸ್ ತಂದಿತು. 2022ರ ಆಗಸ್ಟ್‌ನಲ್ಲಿ ಸಣ್ಣ ರೇಸ್‌ಗಳು ನಡೆದವು. ಅರ್ನ್‌ಹಾರ್ಟ್ ಜೂನಿಯರ್ ತಾವೇ ಓಡಿಸಿ ಮೂರನೆಯವರಾಗಿ ಬಂದರು. ಅದಾಗಿ ಕೆಲವೇ ದಿನಕ್ಕೆ ಆಲ್ ಸ್ಟಾರ್ ಸುದ್ದಿ.

ಸಂಜೆ ಐದಕ್ಕೆ ಮತ್ತೆ ಗ್ಯಾಲರಿಗೆ. ಹಳೆಯ ಬೋರ್ಡುಗಳ ಮಾಸಿದ ಬಣ್ಣವನ್ನು ಹಾಗೇ ಬಿಟ್ಟಿದ್ದರು. ಅದು ನನಗೆ ತುಂಬಾ ಹಿಡಿಸಿತು. ನಮ್ಮ ಪಕ್ಕದಲ್ಲಿ ಮೂರು ತಲೆಮಾರಿನ ಒಂದು ಮನೆಯವರು. ಹಿರಿಯರ ತೊಡೆಯ ಮೇಲೆ ನಾಲ್ಕಾಗಿ ಮಡಿಸಿದ ಹಳೆಯ ಟಿಕೆಟ್, 1996ರದ್ದು. ಕೊನೆಯ ರೇಸ್ ದಿನ ಅವರು ಅತ್ತಿದ್ದರಂತೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವರಿಬ್ಬರೂ ಕೈಯಲ್ಲೇ ಸ್ಟಿಯರಿಂಗ್ ತಿರುಗಿಸಿ, ಕಾಲಲ್ಲಿ ಬ್ರೇಕ್ ಒತ್ತಿ ತೋರಿಸಿಕೊಂಡು ಒಂದು ಗಂಟೆ ಮಾತಾಡಿದರು. ಕೋಡುಬಳೆ ಡಬ್ಬಿ ಖಾಲಿಯಾಯಿತು.

ಕತ್ತಲಾಯಿತು. ದೀಪ ಹತ್ತಿದವು. 24 ಕಾರು, 200 ಸುತ್ತು, ಗೆದ್ದವರಿಗೆ 10 ಲಕ್ಷ ಡಾಲರ್. ಹಸಿರು ಬಾವುಟ ಬೀಸಿದಾಗ ಎದ್ದ ಶಬ್ದದಲ್ಲಿ ಎಂಜಿನ್ ಎಷ್ಟು, ಜನ ಎಷ್ಟು ಎಂದು ಹೇಳಲು ಆಗಲಿಲ್ಲ. ಪಕ್ಕದ ಹಿರಿಯರು ಕಣ್ಣು ಒರೆಸಿಕೊಂಡರು.

ನಿಜ ಹೇಳಬೇಕೆಂದರೆ ರೇಸ್ ಒಂದೇ ಕಡೆಗೆ ವಾಲಿತು. ಲಾರ್ಸನ್ ಹೊಸ ಟೈರ್ ಹಾಕಿಸಿಕೊಂಡು ಬಂದು ಒಬ್ಬೊಬ್ಬರನ್ನೇ ದಾಟಿ ಮುಂದೆ ಹೋದರು. 145 ಸುತ್ತು ಅವರದ್ದೇ ಮುಂದಾಳತ್ವ. ಎರಡನೇ ಸ್ಥಾನದ ಬಬ್ಬಾ ವಾಲೇಸ್‌ಗಿಂತ ನಾಲ್ಕು ಸೆಕೆಂಡಿಗೂ ಹೆಚ್ಚು ಮುಂಚೆ ಗೆರೆ ದಾಟಿದರು. ಸುತ್ತಿಗೆ ಸುಮಾರು 20 ಸೆಕೆಂಡು ಹಿಡಿಯುವ ಟ್ರ್ಯಾಕ್‌ನಲ್ಲಿ ಅದು ದೊಡ್ಡ ಅಂತರವೇ. ಜಿದ್ದಾಜಿದ್ದಿ ಬೇಕಿದ್ದವರಿಗೆ ಸಾಲದು ಅನ್ನಿಸಿರಬಹುದು. ನಮ್ಮ ಸಾಲಿನಲ್ಲಿ ಒಬ್ಬರೂ ಬೇಗ ಎದ್ದು ಹೋಗಲಿಲ್ಲ. ರೇಸ್ ಮುಗಿದ ಮೇಲೂ ಜನ ಕೂತೇ ಇದ್ದರು.

ಇಳಿಯುವಾಗ ಅಪ್ಪ ಬೇಲಿಯ ಹತ್ತಿರ ನಿಂತು ಟ್ರ್ಯಾಕ್‌ನ ಓರೆಯನ್ನು ಕೈಯಲ್ಲಿ ಅಳೆಯುವ ಹಾಗೆ ನೋಡಿದರು. "ಇಷ್ಟು ದುಡ್ಡು ಬಂದಿದೆಯಲ್ಲ, ಇನ್ನು ಮಟ್ಟ ಮಾಡ್ತಾರಾ?" ಎಂದು ಮಗನನ್ನು ಕೇಳಿದರು. "ಮಾಡಿದ್ರೆ ಇದು ಇದಾಗಿ ಉಳಿಯಲ್ಲ ಅಜ್ಜ" ಅಂದ.

ಅಪ್ಪನ ಪ್ರಶ್ನೆಗೆ ಉತ್ತರ ಮುಂದಿನ ವರ್ಷ ಸಿಕ್ಕಿತು. 2024ರ ರೇಸ್‌ಗೆ ಮುಂಚೆ 1981ರ ಡಾಂಬರು ತೆಗೆದು ಹೊಸದು ಹಾಕಿದರು. ಇಳಿಜಾರನ್ನು ಮುಟ್ಟಲಿಲ್ಲ. ಅದೇ ಚಳಿಗಾಲದಲ್ಲಿ ಕೆಲಸ ಮಾಡುವಾಗ ಗ್ಯಾಲರಿಯ ಕೆಳಗೆ ಸುಮಾರು 700 ಚದರಡಿಯ ಒಂದು ಪೊಳ್ಳು ಜಾಗ ಸಿಕ್ಕಿತು. ಕಳ್ಳಭಟ್ಟಿ ಇದ್ದಿರಬಹುದು ಎಂದು ಊರೆಲ್ಲ ಮಾತು. ಊರಿಗೆ ಫೋನ್ ಮಾಡಿ ಅಪ್ಪನಿಗೆ ಎರಡನ್ನೂ ಹೇಳಿದೆ. ಗುಹೆಯ ಸುದ್ದಿ ಅವರಿಗೆ ಬೇಕಾಗಲಿಲ್ಲ. "ಇಳಿಜಾರು ಹಾಗೇ ಇದೆಯಾ?" ಎಂದು ಎರಡು ಸಲ ಕೇಳಿದರು.

ಸೋಮವಾರ, ಮೇ 22

ವಾಪಸ್ ಬರುವಾಗ ಒಂದು ಕಡೆ ನಿಲ್ಲಿಸಬೇಕು ಎಂದು ನಾನೇ ಹಟ ಹಿಡಿದಿದ್ದೆ. ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಹಿಲ್ಸ್‌ಬರೊ. ಅಲ್ಲಿ ಈನೊ ನದಿಯ ದಂಡೆಯ ಕಾಡಿನಲ್ಲಿ ಆಕೊನೀಚಿ ಸ್ಪೀಡ್‌ವೇ ಇದೆ. ಇದೆ ಅನ್ನುವುದೋ ಇತ್ತು ಅನ್ನುವುದೋ ಗೊತ್ತಾಗುವುದಿಲ್ಲ.

ಇಲ್ಲಿ ಮೊದಲು ಒಬ್ಬ ಸಿರಿವಂತರ ಕುದುರೆ ಓಟದ ಟ್ರ್ಯಾಕ್ ಇತ್ತು. ಬಿಲ್ ಫ್ರಾನ್ಸ್ ವಿಮಾನದಲ್ಲಿ ಹೋಗುವಾಗ ಮೇಲಿಂದ ಕಂಡರಂತೆ. 0.9 ಮೈಲಿಯ ಮಣ್ಣಿನ ಟ್ರ್ಯಾಕ್ ಆಯಿತು. 1949ರ ಆ ಮೊದಲ ಸರಣಿಯ ರೇಸ್ ಇಲ್ಲೂ ನಡೆದಿತ್ತು. ಆ ಸರಣಿಯ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಡಾಂಬರು ಬೀಳದೆ ಮಣ್ಣಿನದಾಗಿಯೇ ಇವತ್ತಿಗೂ ಉಳಿದಿರುವುದು ಇದೊಂದೇ. ಭಾನುವಾರದ ರೇಸ್‌ಗೆ ಚರ್ಚ್‌ನವರ ವಿರೋಧವಿತ್ತು. 1968ರಲ್ಲಿ ನಿಂತಿತು. ಫ್ರಾನ್ಸ್ ಅಲಬಾಮಾದ ಟ್ಯಾಲಡೇಗಾದಲ್ಲಿ ದೊಡ್ಡ ಟ್ರ್ಯಾಕ್ ಕಟ್ಟಿದರು. ಇದನ್ನು ಕಾಡು ನುಂಗಿತು. 2002ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿತು. ಈಗ ಜನ ನಾಯಿ ಕರೆದುಕೊಂಡು ನಡೆದಾಡುವ ದಾರಿ.

ಕಾರು ನಿಲ್ಲಿಸಿ ಒಳಗೆ ಹೋದೆವು. ಕಳೆದ ಎರಡು ದಿನದ ಶಬ್ದದ ಮೇಲೆ ಈ ಮೌನ ಕಿವಿಗೆ ಒತ್ತುತ್ತಿತ್ತು. ಗುಡ್ಡದ ಬದಿಯಲ್ಲಿ ಕಾಂಕ್ರೀಟ್ ಮೆಟ್ಟಿಲುಗಳು, ಮೇಲೆ ಪಾಚಿ. ಕಾರು ಓಡುತ್ತಿದ್ದ ದಾರಿಯ ಉದ್ದಕ್ಕೂ ಎತ್ತರದ ಪೈನ್ ಮರಗಳು. ಎರಡು ಕೈಯಲ್ಲಿ ತಬ್ಬಲು ಆಗದಷ್ಟು ದಪ್ಪ. ನೆಲ ಮಾತ್ರ ತಿರುವಿನಲ್ಲಿ ಇನ್ನೂ ಓರೆಯಾಗಿಯೇ ಇದೆ. ಕಾಲಿಗೆ ಗೊತ್ತಾಗುತ್ತದೆ.

ಅಪ್ಪ ಅಭ್ಯಾಸಬಲದಲ್ಲಿ ಬಲಕ್ಕೆ ತಿರುಗಿ ನಡೆಯಲು ಶುರು ಮಾಡಿದರು. ದೇವಸ್ಥಾನದಲ್ಲಿ ಸುತ್ತು ಬರುವ ಹಾಗೆ. ಮಗ ಓಡಿ ಹೋಗಿ ಕೈ ಹಿಡಿದ. "ಅಜ್ಜ, ಹಾಗಲ್ಲ. ಎಡಕ್ಕೆ. ಇಲ್ಲಿ ಯಾವಾಗಲೂ ಎಡಕ್ಕೇ."

ಎಡಕ್ಕೆ ತಿರುಗಿ ನಡೆದೆವು. ಅಪ್ಪ ಒಂದು ಕೈಯನ್ನು ಮೊಮ್ಮಗನ ಭುಜದ ಮೇಲೆ ಇಟ್ಟಿದ್ದರು. ತಿರುವಿಗೆ ಮುಂಚೆ ನಿಧಾನ ಮಾಡುತ್ತಿದ್ದರು, ತಿರುವು ದಾಟಿದ ಮೇಲೆ ಸ್ವಲ್ಪ ಬಿರುಸು. ಮಂಡಿನೋವಿಗೋ, ಹಳೆಯ ಅಭ್ಯಾಸಕ್ಕೋ, ನಾನು ಕೇಳಲಿಲ್ಲ. ಒಂದು ಸುತ್ತಿಗೆ ನಮಗೆ ಅರ್ಧ ಗಂಟೆ ಹಿಡಿಯಿತು.

ಮೆಟ್ಟಿಲುಗಳ ಎದುರಿಗೆ ಬಂದು ನಿಂತೆವು. ನೀರು ಕುಡಿದ ಅಪ್ಪ ಮರಗಳ ನಡುವೆ ನೋಡುತ್ತಾ ಕೇಳಿದರು. "ಇಲ್ಲಿ ಕೊನೇ ರೇಸ್ ಗೆದ್ದದ್ದು ಯಾರಪ್ಪಾ?"

"ರಿಚರ್ಡ್ ಪೆಟ್ಟಿ, ಅಜ್ಜ. 1968, ಸೆಪ್ಟೆಂಬರ್ 15. ನಾರ್ತ್ ವಿಲ್ಕ್ಸ್‌ಬರೊದಲ್ಲೂ ಎಲ್ಲರಿಗಿಂತ ಜಾಸ್ತಿ ಗೆದ್ದಿರೋದು ಅವರೇ. 15 ಸಲ."

ಅಪ್ಪ ಬಾಟಲಿಯ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. "ಬಾ ಪುಟ್ಟ, ಇನ್ನೊಂದು ಸುತ್ತು ಹೋಗೋಣ" ಅಂದರು.